ಮೂರು ದಿನದ ಕೆಸರು

"ಇಳೀಬೇಡಿ ಅಕ್ಕ! ಇಳಿದ್ರೆ ಕಾಲು ಮಾತ್ರ ಮೇಲೆ ಬರುತ್ತೆ, ಬೂಟು ಇಲ್ಲೇ ಉಳಿಯುತ್ತೆ!"

ಅಷ್ಟರಲ್ಲಿ ಬುರುಲ್ ಇಳಿದಾಗಿತ್ತು.

ಎದುರಿನ ಗಾಡಿಯವನು ಕೂಗಿದಂತೆಯೇ ಆಯಿತು. ಬಲಗಾಲಿನ ಬೂಟನ್ನು ಕೆಸರು ನುಂಗಿತು. ಉಣ್ಣೆ ಕಾಲುಚೀಲದ ಕಾಲನ್ನು ಕೊಕ್ಕರೆಯಂತೆ ಎತ್ತಿ ಹಿಡಿದು, ಗಾಡಿಯ ಬಾಗಿಲನ್ನು ತಬ್ಬಿಕೊಂಡು ನಿಂತಳು.

ಮೇ ತಿಂಗಳ ಕೊನೆ. ಕಲ್ಮಕ್ ಘಾಟಿಯ ಹಿಮ ಕರಗಿ ದಾರಿಯೆಲ್ಲ ಅಂಬಲಿಯಾಗುವ ಕಾಲ. ಬುರುಲಳದು ಉದ್ದನೆಯ ಬಿಳಿ ವ್ಯಾನು. ಅದೇ ಅವಳ ಮನೆ, ಅದೇ ಅಂಗಡಿ. ಒಳಗೋಡೆಗೆ ತಾನೇ ತಟ್ಟಿ ಮಾಡಿದ ಉಣ್ಣೆಯ ಹೊದಿಕೆ, ಹಿಂದೆ ಮಂಚ, ಪಕ್ಕದಲ್ಲಿ ಒಲೆ, ಕಿಟಕಿಯ ಬಳಿ ಹೊಲಿಗೆ ಯಂತ್ರ. ಬೇಸಿಗೆಯಿಡೀ ಕುರಿ ಕಾಯುವವರ ಗುಡಾರದಿಂದ ಗುಡಾರಕ್ಕೆ ಹೋಗಿ ಬಟ್ಟೆ ಹೊಲಿದು ಕೊಡುವುದು ಅವಳ ಕಸುಬು.

ಎದುರಿಗೆ ನಿಂತಿದ್ದದ್ದು ಬೂದು ಬಣ್ಣದ ಹಳೇ ಬ್ರೆಡ್ ಗಾಡಿ. ಕೊಚ್ಕೋರ್ ಊರಿನವರೆಲ್ಲ ಅದನ್ನು ಹಾಗೆಯೇ ಕರೆಯುತ್ತಾರೆ. ಆಕಾರವೇ ಬ್ರೆಡ್ಡಿನಂತಿದೆ. ಅದರಿಂದ ಇಳಿದವನ ಗಡ್ಡದಲ್ಲಿ ಗ್ರೀಸು, ಕಣ್ಣಲ್ಲಿ ನಗು.

"ಎಷ್ಟು ಚಕ್ರ ಎಳೆಯುತ್ತೆ ನಿಮ್ಮ ಗಾಡಿ?"

"ಹಿಂದಿನ ಎರಡು. ಯಾಕೆ?"

"ಹಂಗಾದ್ರೆ ಇದು ಮದುವೆ ಮನೆಗೆ ಹೋಗೋ ಗಾಡಿ. ಬೆಟ್ಟಕ್ಕೆ ಬಂದ್ರೆ ನಾಲ್ಕೂ ಚಕ್ರ ಎಳೀಬೇಕು ಅಕ್ಕ."

'ಆಹಾ... ಕೇಳಿದೆನಾ ಇವನ ಉಪದೇಶ?' ಅವಳಿಗೆ ಮೈಯೆಲ್ಲ ಉರಿಯಿತು.

"ಮೊದಲು ಅಕ್ಕ ಅನ್ನೋದು ನಿಲ್ಸಿ. ನಿಮ್ಮ ಗಡ್ಡ ನೋಡಿದ್ರೆ ನಾನು ನಿಮ್ಮ ಮೊಮ್ಮಗಳಾಗ್ಬೇಕು!"

ಅವನು ಬೆಟ್ಟಕ್ಕೆ ಕೇಳುವಂತೆ ನಕ್ಕ. "ಸರಿ ತಂಗಿ. ಹಗ್ಗ ತರ್ತೀನಿ ಇರು."

ಹಗ್ಗ ಕಟ್ಟುವ ಮೊದಲು ಸ್ಪ್ಯಾನರ್ ಹಿಡಿದು ತನ್ನ ಗಾಡಿಯ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕುಳಿತ. ಚಕ್ರದ ನಡುವಿನ ‘ಹಬ್’ ಬಿಲ್ಲೆಯನ್ನು ತಿರುಗಿಸಿದ. ಸುತ್ತಿ ಬಂದು ಇನ್ನೊಂದು ಚಕ್ರಕ್ಕೂ ಹಾಗೆಯೇ ಮಾಡಿದ.

"ಏನದು, ಗಾಡಿಗೆ ಕಿವಿ ಹಿಂಡೋದಾ?"

"ಹೂಂ. ಒಳಗೆ ಕೂತು ನಾಲ್ಕು ಚಕ್ರದ ಹಿಡಿ ಎಳೆದ್ರೆ ಅರ್ಧ ಕೆಲಸ ಅಷ್ಟೇ. ಕೆಳಗಿಳಿದು ಇವೆರಡನ್ನೂ ಲಾಕ್ ಮಾಡಿದ್ರೇನೇ ಮುಂದಿನ ಚಕ್ರಕ್ಕೆ ಜೀವ ಬರೋದು. ಇದನ್ನ ಮರೆತವನು ಡ್ರೈವರೇ ಅಲ್ಲ!"

ಬ್ರೆಡ್ ಗಾಡಿ ಗುರ್ರೆಂದಿತು. ಬಿಳಿ ವ್ಯಾನು ಕೆಸರಿನಿಂದ ಪಚಕ್ಕನೆ ಎದ್ದು ಬಂತು. ಬೂಟನ್ನೂ ಅವನೇ ಕಿತ್ತು, ಹುಲ್ಲಿನಲ್ಲಿ ಒರೆಸಿ ಅವಳ ಕೈಗೆ ಕೊಟ್ಟ.

ಅವನ ಹೆಸರು ಜೋಲ್ಚು.

* * *

ಘಾಟಿಯ ನೆತ್ತಿಯ ಹಿಮ ಕರಗಿ ದಾರಿ ತೆರೆಯಲು ಇನ್ನೂ ಮೂರು ವಾರ ಬೇಕಿತ್ತು. ಬುರುಲ್ ಕೊಚ್ಕೋರಿನಲ್ಲೇ ಉಳಿದಳು. ಕಿಟಕಿಯ ರಬ್ಬರ್ ಸರಿಮಾಡಿಸಲು ಜೋಲ್ಚುವಿನ ಶೆಡ್ಡಿಗೆ ಹೋದವಳು, ಆಮೇಲೆ ಬಾಗಿಲಿನ ಕೀಲಿಗೆಂದು ಹೋದಳು. ಅದಾದ ಮೇಲೆ ಏನೂ ಕೆಟ್ಟಿರಲಿಲ್ಲ. ಆದರೂ ಹೋದಳು.

ಅವನ ತಾಯಿ ಕಾಲಿಪಾ ಅಮ್ಮ ಕರಿದ ಬೋರ್ಸೊಕ್ ಹಿಟ್ಟಿನುಂಡೆಗಳನ್ನು ಮೇಜಿನ ಮೇಲೆ ಸುರಿದು ಚಹಾ ಬಸಿಯುವಳು. ಇವರಿಬ್ಬರ ಜಗಳ ಶುರುವಾಗುವುದು.

"ನನ್ನ ಹತ್ರ ಹಳೇ ಗಾಡಿದು ಮುಂದಿನ ಅಚ್ಚು ಇದೆ. ಹದಿನೈದು ದಿನ ಕೊಡು, ನಿನ್ನ ಮನೆಗಾಡಿಗೆ ನಾಲ್ಕೂ ಚಕ್ರ ಎಳೆಯೋ ಹಂಗೆ ಮಾಡ್ತೀನಿ."

"ಬೇಡ. ಗಾಡಿ ಒಂದು ಮೊಳ ಮೇಲೇಳುತ್ತೆ. ನನ್ನ ಗಿರಾಕಿಗಳೆಲ್ಲ ಅಜ್ಜಿಯಂದಿರು. ಅಳತೆ ಕೊಡೋಕೆ ಏಣಿ ಹತ್ತಬೇಕಾ?"

"ಮೆಟ್ಟಿಲು ಮಾಡಿಕೊಡ್ತೀನಿ!"

"ಮೂರು ಟಗರಿನ ತೂಕದ ಕಬ್ಬಿಣ ಹೊಟ್ಟೆ ಕೆಳಗೆ ಕಟ್ಕೊಂಡು ವರ್ಷವಿಡೀ ತಿರುಗಬೇಕು, ಅದಕ್ಕೆ ಡೀಸೆಲ್ ಕುಡಿಸ್ಬೇಕು. ಯಾಕೆ? ವರ್ಷದಲ್ಲಿ ಮೂರು ದಿನದ ಕೆಸರಿಗೆ! ಒಳ್ಳೇ ಟೈರು, ಒಂದು ಸಲಿಕೆ, ಸ್ವಲ್ಪ ತಾಳ್ಮೆ ಇದ್ರೆ ಸಾಕು. ನಮ್ಮಪ್ಪ ಮೂವತ್ತು ವರ್ಷ ನಾರಿನ್ ದಾರೀಲಿ ಬಸ್ಸು ಓಡಿಸಿದ್ರು. 'ಮಧ್ಯಾಹ್ನ ಕೆಸರಾಗೋ ದಾರಿ ಬೆಳಿಗ್ಗೆ ಕಲ್ಲಾಗಿರುತ್ತೆ, ಹೆಪ್ಪುಗಟ್ಟಿದಾಗ ದಾಟು' ಅಂತಿದ್ರು."

"ಎಲ್ಲಾ ಬೆಳಗಿನ ತನಕ ಕಾಯಲ್ಲ ಬುರುಲ್," ಜೋಲ್ಚುವಿನ ದನಿ ಮೆತ್ತಗಾಯಿತು. "ಆ ಮೂರು ದಿನದಲ್ಲೇ ಒಂದು ದಿನ ನಾನು ಹುಟ್ಟಿದ್ದು. ಅಪ್ಪನ ಲಾರಿ ಘಾಟೀಲಿ ಹೂತು ಹೋಗಿತ್ತು. ಟಾರ್ಪಾಲಿನ ಕೆಳಗೆ ಹುಟ್ಟಿದೆ. ಅದಕ್ಕೇ ಜೋಲ್ಚು ಅಂತ ಇಟ್ರು. ದಾರಿಯವನು ಅಂತ."

"ನಾಲ್ಕೂ ಚಕ್ರ ಎಳೆದಿದ್ರೆ ಆಸ್ಪತ್ರೆ ಸೇರ್ತಿದ್ದೆ," ಕಾಲಿಪಾ ಅಮ್ಮ ಚಹಾ ಊದುತ್ತಾ ಅಂದಳು, "ಇವನಿಗೂ ಒಂದು ಒಳ್ಳೇ ಹೆಸರು ಸಿಗ್ತಿತ್ತು!"

ಮೂವರೂ ನಕ್ಕರು. ನಗುತ್ತಲೇ ಬುರುಲ್ ಅವನ ಮುಖ ನೋಡಿದಳು. ಇವನಿಗೆ ಗಾಡಿಯ ಹುಚ್ಚಲ್ಲ, ದಾರಿಯಲ್ಲಿ ಯಾರೂ ಒಂಟಿಯಾಗಿ ಉಳಿಯಬಾರದೆಂಬ ಸಂಕಟ... ಅವಳ ಎದೆಯೊಳಗೆ ಏನೋ ಸದ್ದಿಲ್ಲದೆ ಕರಗಿತು.

ಆದರೆ ಹೊರಡುವಾಗ ಅವನು ಎಂದಿನಂತೆ, "ಹುಷಾರು ತಂಗಿ," ಅಂದ.

'ತಂಗಿಯಂತೆ ತಂಗಿ! ಇವನ ಬಾಯಿಗೆ ಬೇರೆ ಮಾತೇ ಬರುವುದಿಲ್ಲವೇ?'

* * *

ಜೂನ್ ಮಧ್ಯದ ಒಂದು ಬೆಳಿಗ್ಗೆ ಕಾಲಿಪಾ ಅಮ್ಮ ವ್ಯಾನಿನ ಬಾಗಿಲು ತಟ್ಟಿದಳು. ಕೈಯಲ್ಲಿ ಕರವಸ್ತ್ರದ ಗಂಟು. ಬಿಚ್ಚಿದರೆ ಹವಳ ಕೂರಿಸಿದ ಬೆಳ್ಳಿಯ ಓಲೆ.

ಬುರುಲ್ ಓಲೆಯನ್ನೇ ನೋಡಿದಳು. ಗಂಡಿನ ತಾಯಿ ಹೋಗಿ ಹುಡುಗಿಯ ಕಿವಿಗೆ ಓಲೆ ಹಾಕಿ ಬಂದಳೆಂದರೆ ಸಂಬಂಧ ಕುದುರಿತೆಂದೇ ಲೆಕ್ಕ. ಇದು ತಿಳಿಯದ ಹೆಣ್ಣು ಆ ಸೀಮೆಯಲ್ಲಿಲ್ಲ.

"ಜೋಲ್ಚುಗೆ ಹುಡುಗಿ ಗೊತ್ತಾಯ್ತು ಮಗಳೇ. ಇದನ್ನಿಡೋಕೆ ಉಣ್ಣೇದು ಒಂದು ಪುಟ್ಟ ಚೀಲ ಹೊಲಿದು ಕೊಡು."

"ಹುಡುಗಿಗೆ... ಯಾವ ಬಣ್ಣ ಇಷ್ಟ ಅಮ್ಮಾ?"

ಮುದುಕಿಯ ಕಣ್ಣಂಚು ಸುಕ್ಕುಗಟ್ಟಿತು. "ನಿನಗೇ ಅಂದ್ಕೊಂಡು ಹೊಲಿ."

ಕಸುಬಿನವರಿಗೆ ಎಲ್ಲ ಗಿರಾಕಿಗಳೂ ಹೇಳುವ ಮಾತು ಅದು. ಬುರುಲ್ ಹಾಗೆಂದೇ ತಿಳಿದಳು. ನೀಲಿ ಉಣ್ಣೆ ಕತ್ತರಿಸಿದಳು. ಟಗರಿನ ಕೊಂಬಿನ ಸುರುಳಿಯನ್ನು ಬಿಳಿ ದಾರದಲ್ಲಿ ಎತ್ತಿದಳು. ಎರಡು ಸಲ ಸೂಜಿ ಬೆರಳಿಗೆ ಚುಚ್ಚಿತು. ಅತ್ತದ್ದು ಅದಕ್ಕಲ್ಲ.

ಸಂಜೆ ಚೀಲ ಕೊಟ್ಟು ಬಂದಳು. ಮರುದಿನ ಬೆಳಗಿನ ಜಾವ, ನೆಲ ಇನ್ನೂ ಗಟ್ಟಿಯಿರುವಾಗಲೇ, ಯಾರಿಗೂ ಹೇಳದೆ ಘಾಟಿ ಏರಿ ಸೋನ್‌ಕೋಲ್ ಸರೋವರದ ದಂಡೆ ಸೇರಿದಳು. ಅಲ್ಲಿ ನಾಲ್ಕು ದಿನ ಹೊಲಿಗೆ ಮುಗಿಸಿ ಆಟ್‌ಬಾಶಿಯ ಕಡೆ ಇಳಿದುಬಿಡಬೇಕು, ಬೇಸಿಗೆಯಿಡೀ ಆ ಬ್ರೆಡ್ ಗಾಡಿ ಕಣ್ಣಿಗೆ ಬೀಳಬಾರದು. ಹಾಗೆಂದು ಗಟ್ಟಿ ಮನಸ್ಸು ಮಾಡಿದಳು. ಮಾಡಿದ್ದು ಎಷ್ಟು ಗಟ್ಟಿಯೋ ದೇವರೇ ಬಲ್ಲ... ದಿನಕ್ಕೆ ಹತ್ತು ಸಲ ದಾರಿಯ ಕಡೆ ನೋಡುತ್ತಿದ್ದಳು.

* * *

ನಾಲ್ಕನೆಯ ದಿನ ಸೂರ್ಯ ಮೂಡುವ ಹೊತ್ತಿಗೆ ಕುದುರೆ ಸವಾರನೊಬ್ಬ ಕಿಟಕಿ ತಟ್ಟಿದ.

"ಹೊಲಿಗೆ ತಂಗೀ, ಘಾಟಿಯ ಈಚೆ ಜವುಗಿನಲ್ಲಿ ನಿನ್ನೆ ಸಾಯಂಕಾಲದಿಂದ ಒಂದು ಬ್ರೆಡ್ ಗಾಡಿ ಹೂತಿದೆ. ಎಳೀತೀನಿ ಅಂತ ಹೋದ್ರೆ ಒಳಗಿದ್ದ ಮುದುಕಿ ನನ್ನನ್ನೇ ಬೈತು! 'ನಿನ್ನ ಕುದುರೆ ಬೇಡ, ಹೋಗಿ ಹೊಲಿಗೆಯವಳನ್ನ ಕಳ್ಸು' ಅಂತ."

ಬುರುಲ್ ಕತ್ತರಿ ಕೆಳಗಿಟ್ಟಳು.

'ಓಲೆ ಹಾಕಲು ಹೊರಟಿದ್ದಾರೆ. ಹುಡುಗಿ ಈ ದಂಡೆಯವಳೇ ಇರಬೇಕು... ನಾನೇ ಹೋಗಿ ದಿಬ್ಬಣವನ್ನು ಎಳೆದು ತರಬೇಕೇ?'

ಅಷ್ಟಾದರೂ ಆ ಚಳಿಯಲ್ಲಿ ಕಾಲಿಪಾ ಅಮ್ಮ ಕುಳಿತಿರುವುದನ್ನು ನೆನೆದರೆ ಮನಸ್ಸು ತಡೆಯಲಿಲ್ಲ. ಚಹಾ ಕಾಯಿಸಿ ಫ್ಲಾಸ್ಕಿಗೆ ಸುರಿದಳು. ಸಲಿಕೆ ಎತ್ತಿಟ್ಟಳು. ನೆಲ ಹೆಪ್ಪುಗಟ್ಟಿ ಟಣ್ ಎನ್ನುತ್ತಿತ್ತು. ಎರಡೇ ಚಕ್ರ ಎಳೆಯುವ ಮನೆಗಾಡಿ ಆ ಕಲ್ಲುನೆಲದ ಮೇಲೆ ಸಲೀಸಾಗಿ ಉರುಳಿತು.

ಬ್ರೆಡ್ ಗಾಡಿಯ ಹಿಂಭಾಗ ಅಚ್ಚಿನವರೆಗೂ ಹೂತಿತ್ತು. ಪಕ್ಕದಲ್ಲಿ ಜೋಲ್ಚು ಮೊಣಕಾಲವರೆಗೆ ಕೆಸರಾಗಿ ನಿಂತಿದ್ದ. ಅವಳನ್ನು ಕಂಡು ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

"ಏನಣ್ಣಾ, ನಾಲ್ಕೂ ಚಕ್ರ ಎಳೀಲಿಲ್ವಾ?"

"ಗೊತ್ತಿಲ್ಲ... ಹಿಡಿ ಎಳೆದೇ ಇದ್ದೆ. ಯಾಕೋ ಗಾಡಿ ಮಾತೇ ಕೇಳ್ಲಿಲ್ಲ."

ಬುರುಲ್ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಮುಂದಿನ ಚಕ್ರದ ಬಳಿ ನಿಂತಳು. ಟೈರಿನ ಕೆಳಗೆ ನೆಲ ಕೆದರಿಯೇ ಇಲ್ಲ! ಆ ಚಕ್ರ ಎಳೆದೇ ಇರಲಿಲ್ಲ. ಬಗ್ಗಿ ಹಬ್ ನೋಡಿದಳು.

ನಗು ತಡೆಯಲಾಗಲಿಲ್ಲ. ಹೆಪ್ಪುಗಟ್ಟಿದ ನೆಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಕಿವಿ ಹಿಂಡಿಲ್ಲ ನೀನು! ಇದನ್ನ ಮರೆತವನು ಏನಲ್ಲ ಅಂದಿದ್ದೆ?"

ಜೋಲ್ಚುವಿನ ಮುಖ ಗಡ್ಡದ ಬುಡದವರೆಗೆ ಕೆಂಪಾಯಿತು. "ಡ್ರೈವರೇ ಅಲ್ಲ."

"ಯಾಕೆ ಮರೆತೆ?"

"ನೀನು ಹೇಳದೆ ಕೇಳದೆ ಹೋಗಿಬಿಟ್ಟೆ ಬುರುಲ್. ಓಲೆ ನೋಡಿದ ಮರುದಿನವೇ! ಹುಡುಗಿಗೆ ಇಷ್ಟವಿಲ್ಲ, ಅದಕ್ಕೇ ಓಡಿಹೋದಳು ಅಂದ್ಕೊಂಡೆ. ಎರಡು ದಿನ ಶೆಡ್ಡಿನ ಬಾಗಿಲು ತೆಗೀಲಿಲ್ಲ. ಅಮ್ಮ ಬೈದು ಎಬ್ಬಿಸಿದ್ಲು. ದಾರಿಯುದ್ದಕ್ಕೂ ನಿನಗೇನು ಹೇಳೋದು ಅನ್ನೋದೇ ತಲೇಲಿ..."

ಬುರುಲಳ ನಗು ಅಲ್ಲೇ ನಿಂತಿತು.

"ಹುಡುಗಿ... ಅಂದ್ರೆ?"

"ಇನ್ಯಾರು?"

"ಬಾಯಿ ತೆಗೆದ್ರೆ ತಂಗಿ ಅಂತಿದ್ದೆ!"

"ಅಕ್ಕ ಅಂದ್ರೆ ಬೈದೆ. ಹೆಸರು ಹಿಡಿಯೋಣ ಅಂದ್ರೆ ಒಂದೇ ಒಂದು ಸಲ ಧೈರ್ಯ ಬಂತು, ಆ ಲಾರಿ ಕಥೆ ಹೇಳಿದ ದಿನ. ಮನಸ್ಸಲ್ಲಿ ಎಲ್ಲಾ ಇತ್ತು ಬುರುಲ್. ಒಳಗೇ ಹಿಡಿ ಎಳ್ಕೊಂಡು ಕೂತಿದ್ದೆ... ಕೆಳಗಿಳಿದು ನಿನ್ನ ಹತ್ರ ಬರಲಿಲ್ಲ. ಈಗ ಬಂದಿದ್ದೀನಿ. ನೀನು ಬೇಕು ನನಗೆ. ಬೇಡ ಅಂದ್ರೂ ಹೇಳು, ಗಾಡಿ ಎತ್ಕೊಂಡು ವಾಪಸ್ ಹೋಗ್ತೀನಿ."

ಕಿಟಕಿಯ ಗಾಜು ಕಿರ್ರೆಂದು ಸರಿಯಿತು. ಎರಡು ಶಾಲಿನೊಳಗಿಂದ ಕಾಲಿಪಾ ಅಮ್ಮನ ಮೂಗು ಹೊರಬಂತು.

"ಮಗಳೇ, ಇವನು ಹುಟ್ಟುವಾಗಲೂ ಇದೇ ಘಾಟೀಲಿ ನನ್ನ ಕಾಲು ಮರಗಟ್ಟಿತ್ತು. ಈಗ ಮದುವೇಗೂ ಮರಗಟ್ಟಿಸ್ತಿದ್ದಾನೆ. ನಿನಗೇ ಅಂದ್ಕೊಂಡು ಹೊಲಿ ಅಂದೆ, ಇನ್ನೂ ಹೆಂಗೆ ಹೇಳ್ಲಿ? ಬೇಗ ಹೂಂ ಅನ್ನು, ಇಲ್ಲಾ ಆ ಚಹಾನಾದ್ರೂ ಕೊಡು!"

ಬುರುಲ್ ಮೊದಲು ಚಹಾ ಕೊಟ್ಟಳು. ಆಮೇಲೆ ಕಿಟಕಿಗೆ ಕೆನ್ನೆ ತಾಗಿಸಿ, ತಲೆವಸ್ತ್ರ ಸರಿಸಿ ಕಿವಿ ಒಡ್ಡಿದಳು. ನೀಲಿ ಚೀಲದಿಂದ ಓಲೆ ಹೊರಬಂತು. ಮುದುಕಿಯ ಬೆರಳುಗಳು ತಣ್ಣಗಿದ್ದವು. ಹುಡುಗಿಯ ಕಿವಿ ಮಾತ್ರ ಬೆಚ್ಚಗಿತ್ತು.

ಜೋಲ್ಚು ಅತ್ತ ತಿರುಗಿ, ಸುಮ್ಮನೆ ಬೆಟ್ಟವನ್ನು ನೋಡುತ್ತಾ ಕಣ್ಣೊರೆಸಿಕೊಂಡ.

ಆಮೇಲೆ ಇಬ್ಬರೂ ಸೇರಿ ಸಲಿಕೆಯಲ್ಲಿ ಮಣ್ಣು ತೆಗೆದರು. ಸ್ಪ್ಯಾನರ್ ಅವನ ಕೈಯಿಂದ ಕಿತ್ತುಕೊಂಡು ಬುರುಲಳೇ ಎರಡೂ ಹಬ್ ತಿರುಗಿಸಿದಳು. ಅವನು ಒಳಗೆ ಕುಳಿತು ಹಿಡಿ ಎಳೆದ. ನಾಲ್ಕೂ ಚಕ್ರ ಒಟ್ಟಿಗೆ ನೆಲ ಕಚ್ಚಿದವು. ಬ್ರೆಡ್ ಗಾಡಿ ಮೈ ಕೊಡವಿ ಮೇಲೆದ್ದಿತು.

ಬಿಸಿಲು ಏರಿತು. ದಾರಿ ಮತ್ತೆ ಅಂಬಲಿಯಾಗತೊಡಗಿತು. ಎರಡೂ ಗಾಡಿಗಳು ಒಣ ದಿಬ್ಬದ ಮೇಲೆ ಅಕ್ಕಪಕ್ಕ ನಿಂತವು. ಮನೆಗಾಡಿಯ ಮಂಚದ ಮೇಲೆ ಕಾಲಿಪಾ ಅಮ್ಮ ಗೊರಕೆ ಹೊಡೆಯುತ್ತಿದ್ದಳು. ಇವರಿಬ್ಬರೂ ಬಾಗಿಲ ಮೆಟ್ಟಿಲ ಮೇಲೆ ಒಂದೇ ಬಟ್ಟಲಿನಲ್ಲಿ ಚಹಾ ಹಂಚಿಕೊಂಡು ಕುಳಿತಿದ್ದರು.

"ಈಗಾದ್ರೂ ಹೇಳು," ಜೋಲ್ಚು ಮೆಲ್ಲಗೆ ಕೇಳಿದ, "ಆ ಅಚ್ಚು ನಿನ್ನ ಗಾಡಿಗೆ ಹಾಕ್ಲಾ?"

"ಬೇಡ. ಅಜ್ಜಿಯಂದಿರಿಗೆ ಹತ್ತೋಕಾಗಲ್ಲ. ನೋಡು, ಅಮ್ಮ ಎಷ್ಟು ಸಲೀಸಾಗಿ ಹತ್ತಿ ಮಲಗಿದ್ರು."

"ಆ ಮೂರು ದಿನದ ಕೆಸರಿಗೆ?"

ಬುರುಲ್ ಅವನ ಭುಜಕ್ಕೆ ತಲೆಯಾನಿಸಿದಳು. ಹೊಸ ಓಲೆ ಅವನ ಗಡ್ಡಕ್ಕೆ ತಾಗಿ ಸಣ್ಣಗೆ ಸದ್ದು ಮಾಡಿತು.

"ಆ ಮೂರು ದಿನ ನೀನಿರ್ತೀಯಲ್ಲ."

"ಉಳಿದ ದಿನ?"

"ಉಳಿದ ದಿನವೂ ಇರು. ಆದ್ರೆ ಉಪದೇಶ ಮಾಡ್ಬೇಡ."