ಒಂದಾಳು ಆಳ

"ನಡುಮಟ್ಟ ತೋಡಿ ಮಾಪ್ಳೆ, ಸಾಕು. ಒಂದಾಳ್ ಆಳಕ್ಕೆ ಬ್ಯಾಡ. ಆ ಮಣ್ಣು ಆಳ್ ಕೇಳ್ತದೆ," ಎಂದಳು ವೀರಮ್ಮಾಳ್.

ವಿಮಲ್ ನಕ್ಕುಬಿಟ್ಟ. ದಿಂಡಿಗಲ್ಲಿನಿಂದ ಹನುಮಂತನಪಟ್ಟಿಗೆ ಬಂದು ನೆಲೆಸಿದ ಅಳಿಯ ಅವನು. ಹೆಂಡತಿ ಅಮುದಾಳ ಮನೆಯ ಹಿತ್ತಲಲ್ಲಿ ಅವನಿಗೆ ಈಜುಕೊಳ ಕಟ್ಟಿಸುವ ಹುಚ್ಚು ಹಿಡಿದಿತ್ತು. ಅಮುದಾಳ ಅಜ್ಜಿ ವೀರಮ್ಮಾಳ್ ಬಿಚ್ಚಿಟ್ಟದ್ದು ಹಳೇ ಪುರಾಣ: ಎಂದೋ ಜಾಗದ ಜಗಳದಲ್ಲಿ ಹಗೆಯವರು ಆ ಮನೆಯ ಗಂಡಸೊಬ್ಬನ ಎತ್ತರವನ್ನು ಕರಿದಾರದಲ್ಲಿ ಅಳೆದು, ಮಾಟ ಮಾಡಿಸಿ, ಆ ದಾರವನ್ನು ಅಲ್ಲೇ ಅಷ್ಟೇ ಆಳದಲ್ಲಿ ಹೂತಿದ್ದರಂತೆ. ಅಷ್ಟು ಆಳ ತೋಡಿದರೆ ಮಣ್ಣು ಒಬ್ಬರನ್ನು ತೆಗೆದುಕೊಳ್ಳುತ್ತದಂತೆ. ವಿಮಲ್ ಆಗಲೇ ಗೆರೆ ಹಾಕಿಸಿದ್ದ. ಏಳು ವರ್ಷದ ಮಗಳು ಜನನಿಗೆ ಒಂದು ತುದಿ ಮೂರಡಿ, ತನಗೆ ಇನ್ನೊಂದು ತುದಿ ಆರಡಿ. ಮೂರಡಿಯಲ್ಲಿ ಮಗು ನಿಂತರೆ ತಲೆ ನೀರಿನ ಮೇಲಿರುತ್ತದೆ, ಇನ್ನು ನಿಮ್ಮ ಮಾಟಕ್ಕೇನು ಕೆಲಸ ಎಂದು ಲೇವಡಿ ಮಾಡಿದ.

ಆರಡಿಯಲ್ಲಿ ಗುದ್ದಲಿ ಠಣ್ಣೆಂದಿತು. ಮಡಕೆ. ಅದು ಒಡೆದಾಗ ಕಮಟು ಎಣ್ಣೆಯ, ಸುಟ್ಟ ಕೂದಲಿನ ನಾತ ಹಿತ್ತಲನ್ನೆಲ್ಲ ತುಂಬಿತು. ಪಕ್ಕದ ದ್ರಾಕ್ಷಿ ತೋಟದ ಮದ್ದಿನ ವಾಸನೆಯೂ ಅದರೆದುರು ಅಡಗಿತು. ಒಳಗೆ ಗಂಟುಗಂಟಾದ ಕರಿದಾರ. ಮೇಸ್ತ್ರಿ ಮೂಕಯ್ಯ ಮೇಲೇರಿ, ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದ. ವಿಮಲ್ ದಾರವನ್ನು ಗುಂಡಿಗೆ ಇಳಿಬಿಟ್ಟು ನೋಡಿದ. ಅಂಚಿನಿಂದ ತಳಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಮುಟ್ಟಿತು. ಟೇಪು ಹಿಡಿಯುವ ಕೆಲಸ ಉಳಿಯಿತೆಂದು ಅದನ್ನು ಕಸಕ್ಕೆಸೆದ. ಅದನ್ನು ಧೈರ್ಯವೆಂದು ಯಾರಾದರೂ ಕರೆಯಲಿ, ಅದು ಬರೀ ಕೊಬ್ಬು.

ಕಂಬಂ ಊರಿನಿಂದ ಬೇರೆ ಕೆಲಸದವರು ಬಂದು ನೀಲಿ ಟೈಲ್ಸ್ ಹಾಸಿ ಮುಗಿಸಿದರು. ನೀರು ತುಂಬಿದ ಮಧ್ಯಾಹ್ನ ಜನನಿ ಮೂರಡಿಯ ತುದಿಯಲ್ಲಿ ಮೆಟ್ಟಿಲಿಳಿದಳು. ಕೊನೆಯ ಮೆಟ್ಟಿಲು ಬಿಟ್ಟಳು. ಮುಳುಗಿದಳು.

ಆಟವೆಂದುಕೊಂಡು ವಿಮಲ್ ಒಂದು, ಎರಡು ಎಣಿಸಿದ. ಅವಳ ಕೂದಲಷ್ಟೇ ಮೇಲೆ ತೇಲುತ್ತಿತ್ತು. ಹಾರಿದ. ಅವನ ಸೊಂಟದ ಮಟ್ಟವಿರಬೇಕಾದ ನೀರು. ಎದೆಗೆ ಬಂತು. ಬಾಯಿಗೆ ಬಂತು. ನೆತ್ತಿಯ ಮೇಲೆ ಮುಚ್ಚಿಕೊಂಡಿತು. ಆಮೇಲೆ ತಳ ಸಿಕ್ಕಿತು. ಊರಿದ ಪಾದ ಮತ್ತೆ ಏಳಲಿಲ್ಲ. ಕಿವಿಯಲ್ಲಿ ಗುಂಯ್ ಎನ್ನುವ ಕತ್ತಲೆ. ಮೂಗಿನಲ್ಲಿ ಅದೇ ಸುಟ್ಟ ಕೂದಲಿನ ನಾತ. ಮಗಳು ಕೈಗೆ ಸಿಕ್ಕಳು. ಎರಡೂ ಕೈಯಲ್ಲಿ ಎತ್ತಿ ಹಿಡಿದ.

ಓಡಿಬಂದ ಅಮುದಾ ಅಂಚಿನಿಂದ ಬಾಗಿ ಮಗುವನ್ನು ಎಳೆದುಕೊಂಡಳು. ಗಂಡನ ಮಣಿಕಟ್ಟು ಹಿಡಿದು ಜಗ್ಗಿದಳು. ಅವನು ನೆಟ್ಟ ಕಂಬದಂತೆ ಅಲುಗಲಿಲ್ಲ. ಮತ್ತೆ ಜಗ್ಗಿದಳು. ಮೆಟ್ಟಿಲಿಗೆ ಕಾಲಿಡಲು ಹೋದವಳ ಜಡೆ ಹಿಡಿದು ಮುದುಕಿ ಹಿಂದಕ್ಕೆಳೆದಳು.

"ಇಳೀಬ್ಯಾಡ ನನ್ ಕಣ್ಣೇ. ಯಾರಿಳಿದ್ರೂ ಅವರವರ ಒಂದಾಳ್ ಆಳ ಅದು."

ಅವನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಜನನಿ ಕೆಮ್ಮಿದಳು, ನೀರು ಕಾರಿದಳು, ಕಣ್ಣುಬಿಟ್ಟು ಕೊಳದ ಕಡೆ ನೋಡಿದಳು.

"ಅಮ್ಮಾ, ಅಪ್ಪ ಯಾಕೆ ಎದ್ದು ನಿಲ್ತಿಲ್ಲ?"

ಮೂರಡಿಯ ತಿಳಿನೀರಿನ ಅಡಿಯಲ್ಲಿ ವಿಮಲ್ ನಿಂತೇ ಇದ್ದ.