ಮೂರನೆಯವನ ಬಲಗಣ್ಣು

ಗುಂಡು ನನ್ನ ಕಿವಿಯ ಪಕ್ಕದಲ್ಲೇ ಹಾರಿ ಹಿಂದಿನ ಮೀನುಗಾರರ ಗುಡಿಸಲಿಗೆ ನಾಟಿತು.

ನಾನು ಸರೋವರದ ಮಂಜುಗಡ್ಡೆಯ ಮೇಲೆ ಬೋರಲು ಬಿದ್ದೆ. ಏಪ್ರಿಲ್ ತಿಂಗಳ ಮಂಜುಗಡ್ಡೆ. ಹೊಟ್ಟೆಯಡಿ ಚಟಚಟ ಎನ್ನುತ್ತಿತ್ತು...

"ವಾಪಸ್ ಹೋಗಿ, ಮೇಡಂ. ನಾನು ಸಿಗ್ಲಿಲ್ಲ ಅಂತ ಡಾಕ್ಟರಿಗೆ ಹೇಳಿ."

ಬಂದೂಕು ಹಿಡಿದು ಎದುರಿಗೆ ನಿಂತಿದ್ದವನು ಆರ್ವೊ ನಿಸ್ಕ. ರಕ್ತದ ಕಣಗಳು ತಾವಾಗಿಯೇ ಒಡೆದುಹೋಗುವ ಅಪರೂಪದ ಕಾಯಿಲೆ ಅವನಿಗೆ. ಅದಕ್ಕೊಂದು ಹೊಸ ಔಷಧಿಯ ಮೊದಲ ಹಂತದ ಪ್ರಯೋಗ ನಡೆದಿತ್ತು. ಇವನು ಮೂರನೇ ರೋಗಿ. ಫೋನಿನಲ್ಲಿ ಚೆನ್ನಾಗಿದ್ದೇನೆ ಎನ್ನುತ್ತಿದ್ದ. ಮುಖ ಮಾತ್ರ ತೋರಿಸುತ್ತಿರಲಿಲ್ಲ. ಹಿಡಿದು ತನ್ನಿ ಎಂದು ಡಾಕ್ಟರು ನನ್ನನ್ನು ಕಳಿಸಿದ್ದರು. ಪೊಲೀಸ್ ಕೆಲಸ ಬಿಟ್ಟ ಮೇಲೆ ನನ್ನ ಕಸುಬು ಅದೇ.

"ನನ್ನನ್ನ ಕೊಲ್ಲೋಕೆ ಹೊಡೆದ್ಯಾ?"

"ಛೆ, ಇಲ್ಲ. ಹೆದರ್ಸೋಕೆ. ಆ ಗುಡಿಸಲಿನ ಚಿಮಣಿಗೆ ಹೊಡೆದೆ."

"ಚಿಮಣಿ ನನ್ನ ತಲೆಯಿಂದ ನಾಲ್ಕಡಿ ಮೇಲಿದೆ, ಆರ್ವೊ."

ಅವನು ತಲೆ ಓರೆ ಮಾಡಿ ಚಿಮಣಿಯತ್ತ ನೋಡಿದ.

"ಯಾವ ಕಣ್ಣು ಹೋಗಿದೆ?"

"...ಬಲಗಣ್ಣು. ಎರಡನೇ ಡೋಸ್ ಆದ್ಮೇಲೆ ಮಬ್ಬಾಯ್ತು."

"ಡಾಕ್ಟರಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪ್ರಯೋಗ ನಿಲ್ಲಿಸ್ತಾರೆ. ಸೋಮವಾರ ನಾಲ್ಕನೇ ರೋಗಿ ಸರದಿ. ಹಿಲ್ಕ. ನನ್ನ ತಂಗಿ. ಅವಳಿಗೆ ಕಾಯೋಷ್ಟು ಟೈಮಿಲ್ಲ."

"ನೀನು ಚೆನ್ನಾಗಿದ್ದೀಯ ಅಂತ ನಂಬಿ ಅವಳಿಗೆ ನಿನಗೆ ಕೊಟ್ಟಿದ್ದರ ಎರಡರಷ್ಟು ಡೋಸ್ ಕೊಡ್ತಾರೆ. ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ಮುಖ ಬಿಳುಚಿತು. ಆದರೂ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿ ಹತ್ತಿ ಓಡಿಸಿಬಿಟ್ಟ. ಹೆದರಿದವನಿಗೆ ಬುದ್ಧಿ ನಿಧಾನ.

ನಾನು ನನ್ನ ಗಾಡಿಯಲ್ಲಿ ಬೆನ್ನು ಹತ್ತಿದೆ. ಅರ್ಧ ಮೈಲಿ.

ಮುಂದೆ ಬಲಗಡೆಯಿಂದ ಒಂದು ಬಿರುಕು ಕಪ್ಪಗೆ ಬಾಯಿ ತೆರೆದಿತ್ತು. ನನಗೆ ಕಂಡಿತು.

ಅವನಿಗೆ ಕಾಣಲಿಲ್ಲ.

ಗಾಡಿ ಮುಳುಗಿತು. ಆರ್ವೊನ ತಲೆ ಮಾತ್ರ ಮೇಲೆ ಬಂತು. ನಾನು ಹಗ್ಗ ಹಿಡಿದು ತೆವಳುತ್ತ ಅಂಚಿಗೆ ಹೋದೆ.

"ಹಗ್ಗ ಎಸೀರಿ, ಮೇಡಂ..."

"ಡಾಕ್ಟರಿಗೆ ಕಣ್ಣಿನ ವಿಷಯ ಹೇಳ್ತೀಯಾ?"

"ಹಿಲ್ಕ..."

"ಹೇಳ್ತೀಯಾ?"

ಅವನ ಹಲ್ಲು ಕಟಕಟಿಸುತ್ತಿತ್ತು. ನಾನು ವಾಚು ನೋಡಿಕೊಂಡೆ. ಹಗ್ಗ ಎಸೆಯಲಿಲ್ಲ.

"ಹೇಳ್ತೀನಿ."

ಎಸೆದೆ.

ಪ್ರಯೋಗ ಆರು ವಾರ ನಿಂತಿತು. ಆರ್ವೊನ ಕಣ್ಣು ಅರ್ಧ ವಾಪಸು ಬಂತು. ಆ ಆರು ವಾರ ಹಿಲ್ಕ ಬೇರೆಯವರ ರಕ್ತ ಏರಿಸಿಕೊಂಡು ಜೀವ ಹಿಡಿದುಕೊಂಡಿದ್ದಳು. ಜೂನ್‌ನಲ್ಲಿ ಅವಳಿಗೆ ಆರ್ವೊನ ಡೋಸಿನ ಕಾಲು ಭಾಗ ಕೊಟ್ಟರು. ಕಣ್ಣಿಗೆ ಏನೂ ಆಗಲಿಲ್ಲ. ರಕ್ತದ ಕಾಯಿಲೆ ವಾಸಿಯಾಗುತ್ತಿದೆಯೋ ಇಲ್ಲವೋ, ಡಾಕ್ಟರು ಇನ್ನೂ ಬಾಯಿ ಬಿಟ್ಟಿಲ್ಲ.

ಒಂದು ಮಧ್ಯಾಹ್ನ ಅವಳೇ ನನ್ನ ಆಫೀಸಿಗೆ ಬಂದಳು. ಕೂರಲಿಲ್ಲ.

"ನಮ್ಮಣ್ಣನ್ನ ನೀರಲ್ಲಿ ಎಷ್ಟು ಹೊತ್ತು ಬಿಟ್ಟಿದ್ರಿ?"

"ಒಂದು ನಿಮಿಷ," ಎಂದೆ.

"ನನ್ನ ಹತ್ರಾನೂ ಚೆನ್ನಾಗಿದ್ದೀನಿ ಅಂತಿದ್ದ. ಎರಡು ಬಿಡ್ಬೇಕಿತ್ತು."