ಹದಿನೈದನೇ ಸ್ಟಿಕ್

"ಎಣಿಸೋಕೆ ಬರುತ್ತಾ?"

ಬ್ಯಾಗ್ ಹೊರಲು ಬಂದ ಹೊಸ ಹುಡುಗನನ್ನು ಗುಬ್ಬಿ ಮೊದಲ ಸಲ ನೋಡಿದಾಗ ಕೇಳಿದ್ದು ಇಷ್ಟೇ. ಅಲ್ಲಿಯವರೆಗೆ ಅವಳ ಗಾಲ್ಫ್ ಬ್ಯಾಗ್ ಹೊರುತ್ತಿದ್ದವರು ಅಪ್ಪ. ಅವರಿಗೀಗ ಮರೆವಿನ ಕಾಯಿಲೆ. ಆ ಜಾಗದಲ್ಲಿ ಬೇರೆ ಯಾರು ನಿಂತರೂ ಅವಳಿಗೆ ಮೈ ಉರಿಯುತ್ತಿತ್ತು.

"ಹದಿನಾಲ್ಕರ ತನಕ ಬರುತ್ತೆ ಮೇಡಂ."

ನಗಬಾರದು ಅಂದುಕೊಂಡಿದ್ದಳು. ನಕ್ಕುಬಿಟ್ಟಳು... ಬ್ಯಾಗಿನಲ್ಲಿ ಹದಿನಾಲ್ಕೇ ಸ್ಟಿಕ್ ಇರಬೇಕು, ಒಂದು ಹೆಚ್ಚಾದರೂ ದಂಡ. ಆಟದ ನಿಯಮವೇ ಹಾಗೆ.

ಅವನಿಗೆ 'ಬ್ಯಾಗು' ಅಂತಲೇ ಹೆಸರಾಯಿತು. ಅವಳನ್ನು ನಗಿಸಲು ರೆಫರಿಯ ಮೂಗಿನ ದನಿ ತೆಗೆಯುತ್ತಿದ್ದ, ಸೋತವರ ಅಮ್ಮಂದಿರ ನಿಟ್ಟುಸಿರನ್ನೂ ಬಿಡುತ್ತಿದ್ದ. ಗುಬ್ಬಿ ನಗುನಗುತ್ತಲೇ ವಲಯ ಗೆದ್ದಳು, ರಾಜ್ಯ ಗೆದ್ದಳು. ಉಳಿದದ್ದು ರಾಷ್ಟ್ರೀಯ ಫೈನಲ್. ಗೆದ್ದರೆ ದೇಶದ ಕಿರಿಯರ ತಂಡ. ಅವಳಿಗಾಗಲೇ ಹತ್ತೊಂಬತ್ತು, ಆ ತಂಡಕ್ಕೆ ಇದೇ ಕೊನೆಯ ವರ್ಷ.

ಫೈನಲ್‌ನ ಎರಡನೇ ಗುಳಿಗೆ ಹೋಗುವ ಅರ್ಧ ದಾರಿಯಲ್ಲಿ ಬ್ಯಾಗು ನಿಂತುಬಿಟ್ಟ.

"ಹದಿನೈದು ಇದೆ..."

ತಳದಲ್ಲಿ ಒಂದು ಗಿಡ್ಡ ಸ್ಟಿಕ್ ಅಡಗಿತ್ತು, ಹಿಡಿಗೆ ನೀಲಿ ಟೇಪು. ಚಿಕ್ಕವಳಿದ್ದಾಗ ಅವಳು ಮೊದಲು ಹಿಡಿದದ್ದು.

"ಅದೃಷ್ಟಕ್ಕೆ ಇದನ್ನೂ ತರೋಣ ಅಂತಿದ್ಯಲ್ಲ... ನೀನೇ ತುರುಕಿದ್ಯಾ?"

ಹಗ್ಗದಾಚೆ ಮಡಚುವ ಕುರ್ಚಿಯಲ್ಲಿ ಕೂತ ಅಪ್ಪ ಕೈ ಬೀಸುತ್ತಿದ್ದರು. ಬ್ಯಾಗು ಅತ್ತ ನೋಡಿದ.

"ಹೌದು."

ಬೇರೆ ಯಾರೂ ನೋಡಿರಲಿಲ್ಲ. ಗುಬ್ಬಿಯೇ ರೆಫರಿಯನ್ನು ಕರೆದಳು. ಗುಳಿಗೆ ಎರಡರಂತೆ ನಾಲ್ಕು ಹೊಡೆತ ದಂಡವಾಗಿ ಲೆಕ್ಕಕ್ಕೆ ಸೇರಿತು. ಕಡಿಮೆ ಹೊಡೆದವರು ಗೆಲ್ಲುವ ಆಟದಲ್ಲಿ ಅದು ಅವಳೇ ನಾಲ್ಕು ಏಟು ತಿಂದ ಹಾಗೆ. ಕೊನೆಗೆ ಎರಡೇ ಹೊಡೆತದಿಂದ ಸೋತಳು.

"ನಾಳೆಯಿಂದ ಬರಬೇಡ," ಅಂದಳು.

ಕಾರಿನ ಹತ್ತಿರ ಅಪ್ಪ ಅವಳ ಅಂಗೈ ಬಿಡಿಸಿ ನೋಡಿದರು.

"ಚಿಕ್ಕ ಸ್ಟಿಕ್ ಸಿಕ್ತಾ ಪುಟ್ಟಿ? ಬ್ಯಾಗಲ್ಲಿ ಬರೀ ದೊಡ್ಡವರದ್ದೇ ತುಂಬಿದ್ರು. ನಿನ್ನ ಕೈಗೆ ಹತ್ತಲ್ಲ ಅಂತ ನಾನೇ ಹಾಕ್ದೆ."



"ಸಿಕ್ತಪ್ಪಾ. ಅದರಲ್ಲೇ ಆಡಿದೆ."

"ಗೆದ್ಯಾ?"

"ಹ್ಞೂಂ."

ಗೇಟಿನ ಬಳಿ ಬ್ಯಾಗು ಬರಿಗೈಯಲ್ಲಿ ನಡೆದು ಹೋಗುತ್ತಿದ್ದ. ಓಡಿ ಹೋಗಿ ಅಡ್ಡ ನಿಂತಳು.

"ಅಪ್ಪ ಹಾಕಿದ್ದು ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮಿಕ್ಕ ಆಟವೆಲ್ಲ ನೀನು ಅವರನ್ನೇ ನೋಡ್ತಿದ್ದೆ. ನನ್ನ ಮೇಲೆ ಸಿಟ್ಟಿದ್ರೆ ಚೆಂಡಿಗಾದ್ರೂ ಏಟು ಸರಿಯಾಗಿ ಬೀಳುತ್ತೆ ಅಂದ್ಕೊಂಡೆ. ಬೆಳಿಗ್ಗೆ ಬ್ಯಾಗನ್ನ ಅವರ ಹತ್ರ ಬಿಟ್ಟು ಹೋಗಿ, ನೀರು ತುಂಬಿಸ್ಕೊಂಡು ಬಂದ ಮೇಲೆ ಇನ್ನೊಂದ್ಸಲ ಎಣಿಸಬೇಕಿತ್ತು. ಅದಂತೂ ನನ್ನದೇ ತಪ್ಪು."

"ಆದ್ರೂ ಸೋತೆ."

ರೆಫರಿಯ ಮೂಗಿನ ದನಿ ತೆಗೆಯಲು ಹೊರಟವನನ್ನು ಅವಳು ಕೈಯೆತ್ತಿ ತಡೆದಳು.

"ತಂಡ ಹೋಯ್ತು. ಅಪ್ಪನೂ ಒಂದಿನ ನನ್ನ ಮರೀತಾರೆ... ಆಟ ಮುಗೀತು, ಹೊರೋಕೆ ಇನ್ನು ಬ್ಯಾಗೂ ಇಲ್ಲ. ಏನಂತ ಬರ್ತೀಯ?"

"ಅಪ್ಪನ ಕುರ್ಚಿ ಇದ್ಯಲ್ಲ. ಅದನ್ನ ಹೊರ್ತೀನಿ. ನಿನ್ನ ಬಿಟ್ಟಿರೋಕೆ ಆಗಲ್ಲ ನಂಗೆ."



"ಎಷ್ಟು ದಿನ?"

"ಹದಿನಾಲ್ಕರ ತನಕ ಮಾತ್ರ ಎಣಿಸೋಕೆ ಬರೋದು."

"ಆಮೇಲೆ?" ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು. "ಮತ್ತೆ ಒಂದರಿಂದ ಶುರು ಮಾಡು."